ಮೈಗೊಪ್ಪಿದ ಒಂದೇ ಕೋಟು

ಕತ್ತರಿಯಕ್ಕನ ಅಳತೆ ಎಂಥದ್ದೆಂದರೆ, ಮೆಟ್ಟಿಲ ಮೇಲಿನ ಹೆಜ್ಜೆ ಸಪ್ಪಳ ಕೇಳಿಯೇ ಬರುವವನ ಸೊಂಟ ಎಷ್ಟಿಂಚು ಎಂದು ಹೇಳಿಬಿಡುತ್ತಿದ್ದಳು. ಅರ್ಧ ಇಂಚು ಹೆಚ್ಚುಕಮ್ಮಿ ಬಂದರೆ ಟೇಪೇ ಸುಳ್ಳು ಹೇಳಿರಬೇಕು. ಹಿಂದೊಮ್ಮೆ ಸತ್ತವನೊಬ್ಬನಿಗೆ ಆಕೆ ಹೊಲಿದ ಅಂಗಿ ತೊಡಿಸಿದಾಗ ಹೆಣ ಎದ್ದು ಕೂತು ಕನ್ನಡಿ ಕೇಳಿತ್ತು. ನಂಬದವರು ಹೆಣವನ್ನೇ ವಿಚಾರಿಸಬಹುದು.

ಇಂಥವಳನ್ನು ಅಳತೆ ಇಲಾಖೆಯವರು ಹನ್ನೊಂದು ವರ್ಷದಿಂದ ಊರಿಗೆಲ್ಲ ಒಂದೇ ಅಳತೆಯ ಕೋಟು ಹೊಲಿಯಲು ಕೂರಿಸಿದ್ದರು. ಬೂದು ಬಣ್ಣ, ಐದು ಗುಂಡಿ, ಎದೆ ಮೂವತ್ತೆಂಟು. ಆನೆಯಂಥ ಅಡುಗೆಭಟ್ಟನಿಗೂ ಮೂವತ್ತೆಂಟು, ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳುವ ಗುಮಾಸ್ತನಿಗೂ ಮೂವತ್ತೆಂಟು. ತಪಾಸಣೆಯ ದಿನ ಐದೂ ಗುಂಡಿ ಹಾಕಿರಬೇಕು, ಕೆಳಗಿನ ಅಂಚು ನೆಟ್ಟಗಿರಬೇಕು. ಇಲ್ಲದಿದ್ದರೆ ತಪ್ಪು ಕೋಟಿನದಲ್ಲ, ಮನುಷ್ಯನದು. ಅವನನ್ನು ತಿದ್ದುಮನೆಗೆ ಒಯ್ಯುತ್ತಿದ್ದರು. ದಪ್ಪಗಿದ್ದವರಿಗೆ ಅಲ್ಲಿ ಉಪವಾಸ, ಸೊಟ್ಟಗಿದ್ದವರಿಗೆ ಕಬ್ಬಿಣದ ಪಟ್ಟಿ. ಅಲ್ಲಿಂದ ಬಂದವರು ಹೆಸರು ಹಿಡಿದು ಕರೆದರೂ ತಿರುಗಿ ನೋಡುತ್ತಿರಲಿಲ್ಲ.

ಆಕೆಗಿದ್ದವನು ಒಬ್ಬನೇ ತಮ್ಮ. ಎಡ ಹೆಗಲು ಮೇಲೆ, ಬಲ ಹೆಗಲು ಕೆಳಗೆ. ಅದಕ್ಕೇ ಬೀದಿಯವರು ತಕ್ಕಡಿ ಅನ್ನುತ್ತಿದ್ದರು. ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಸುರಿಯುತ್ತ ಹೇಗೋ ತಪಾಸಣೆ ತಪ್ಪಿಸಿಕೊಂಡು ಮೂವತ್ತು ದಾಟಿದ್ದ. ಈ ಸಲ ಚೀಟಿ ಬಂದೇಬಿಟ್ಟಿತು: ಸೋಮವಾರ ಬೆಳಿಗ್ಗೆ.

"ಅಕ್ಕಾ, ನನ್ನ ಹೆಗಲಿಗೆ ಕಬ್ಬಿಣ ಬಿಗೀತಾರಂತೆ."

"ಬಿಗಿಯೋಕೆ ಅವರೇನು ನಿನಗೆ ಹೆಣ್ಣು ಕೊಟ್ಟ ಮಾವಂದಿರಾ? ನೆಟ್ಟಗೆ ನಿಂತ್ಕೊ. ಬೇಡ, ಸೊಟ್ಟಗೇ ನಿಂತ್ಕೊ. ಅಲ್ಲಾಡಬೇಡ."

ಇಲಾಖೆಯ ಕೋಟಿನ ಅಂಚನ್ನು ಒಂದು ಕಡೆ ನಾಲ್ಕು ಬೆರಳು ಮಡಿಸಿ ಹೊಲಿದಿದ್ದರೆ ಸಾಕಿತ್ತು. ಆದರೆ ಹನ್ನೊಂದು ವರ್ಷ ಮೂವತ್ತೆಂಟನ್ನೇ ಹೊಲಿದ ಕೈಗೆ ಒಂದು ನಿಜವಾದ ಮೈ ಸಿಕ್ಕಿದರೆ ಅದು ಸುಮ್ಮನಿದ್ದೀತೇ? ಆರು ದಿನ ಊಟದ ಬಿಡುವಿನಲ್ಲಿ, ಅನ್ನ ಆರಿ ಕಲ್ಲಾದರೂ ಕತ್ತರಿ ಕೆಳಗಿಡಲಿಲ್ಲ. ಹೆಗಲು ಬಿಚ್ಚಿದಳು, ತೋಳು ತಿರುಗಿಸಿದಳು, ಬೆನ್ನು ಹೊಸದಾಗಿ ಕತ್ತರಿಸಿದಳು. ಅಲ್ಲೇ ಎಡವಟ್ಟಾದದ್ದು. ಕೋಟು ತೀರಾ ಚೆನ್ನಾಗಿ ಬಂತು.

ಸೋಮವಾರ ತಪಾಸಣೆಯ ಹಜಾರದಲ್ಲಿ ನಲವತ್ತು ಜನರ ಸಾಲು. ಬೆವರಿನ ಲೆಕ್ಕದಲ್ಲಿ ನಾನೂರು. ಅಡುಗೆಭಟ್ಟ ಉಸಿರು ಬಿಗಿಹಿಡಿದು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದ. ಗುಮಾಸ್ತನ ಕೋಟಿನೊಳಗೆ ಹಳೇ ಪೇಪರು, ಕಾಲೆತ್ತಿದರೆ ಸರಭರ. ಕಿತ್ತ ಗುಂಡಿ ಹಾಕಲು ಕತ್ತರಿಯಕ್ಕ ಸೂಜಿ ಹಿಡಿದು ಪಕ್ಕದಲ್ಲಿದ್ದಳು.

ತಕ್ಕಡಿಯ ಸರದಿ ಬಂತು. ಗುಂಡಿ ಐದು, ಅಂಚು ನೆಟ್ಟಗೆ. ಅಧಿಕಾರಿ ಮುದ್ರೆ ಎತ್ತಿದವನು ಹಾಗೇ ನಿಂತ. ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ.

"ಇದು ಇಲಾಖೆಯ ಕೋಟಲ್ಲ."

"ಯಾಕೆ ಸಾಹೇಬ್ರೆ? ಬೂದು ಬಣ್ಣಾನೇ ಇದೆಯಲ್ಲ?" ಎಂದ ತಕ್ಕಡಿ.

"ಮೈಮೇಲೆ ಸರಿಯಾಗಿ ಕೂತಿದೆ! ನನ್ನ ಇಪ್ಪತ್ತು ವರ್ಷದ ಸರ್ವಿಸ್ಸಲ್ಲಿ ಒಂದು ಕೋಟೂ ಹೀಗೆ ಕೂತಿಲ್ಲ. ಯಾರೋ ಕದ್ದು ಹೊಲಿದಿದ್ದಾರೆ!"

ಕುಂಬಳಕಾಯಿ ಕಳ್ಳ ಅಂದಂತೆ ಸಾಲಿಗೆ ಸಾಲೇ ಹೆಗಲು ಮುಟ್ಟಿ ನೋಡಿಕೊಂಡಿತು. ಮುಟ್ಟಿಕೊಳ್ಳದವನು ತಕ್ಕಡಿ ಒಬ್ಬನೇ. ಅಕ್ಕನನ್ನು ಉಳಿಸಲು ಅವನು ತಣ್ಣಗೆ ಹೇಳಿದ: "ರಸ್ತೇಲಿ ಬಿದ್ದಿತ್ತು, ಸಾಹೇಬ್ರೆ."

ಕತ್ತರಿಯಕ್ಕ ತುಟಿ ಹೊಲಿದುಕೊಂಡಿದ್ದರೆ ಬಚಾವಾಗುತ್ತಿದ್ದಳು. ಆದರೆ ಈ ಮಾತು ಅವಳ ಎದೆಗೆ ಗುದ್ದಿದಂತಾಯಿತು.

"ರಸ್ತೇಲಿ ಬಿದ್ದಿತ್ತಾ! ಲೋ ಕತ್ತೆ, ಇಂಥ ತೋಳು ರಸ್ತೇಲಿ ಬೀಳುತ್ತೇನೋ?" ಎನ್ನುತ್ತ ಮುಂದೆ ಬಂದಳು. "ನಾನು ಹೊಲಿದದ್ದು, ಸಾಹೇಬ್ರೆ. ಒಳಗಿನ ಹೊಲಿಗೇನೂ ನೋಡಿ. ನೋಡಿ ಕಲಿತ್ಕೊಳ್ಳಿ."

ಅಧಿಕಾರಿಯ ಮುಖ ಕಾದ ಇಸ್ತ್ರಿಪೆಟ್ಟಿಗೆಯಾಯಿತು. "ಬಿಚ್ಚೋ ಅದನ್ನ!"

"ಬಿಚ್ಚಲ್ಲ," ಎಂದ ತಕ್ಕಡಿ. ಅವನ ದನಿ ನಡುಗುತ್ತಿತ್ತು, ಹೆಗಲು ನಡುಗಲಿಲ್ಲ. "ಹುಟ್ಟಿದ ಮೇಲೆ ಇದೊಂದೇ ಬಟ್ಟೆ ನನ್ನ ಜೊತೆ ಜಗಳಕ್ಕೆ ನಿಂತಿಲ್ಲ."

"ಇಬ್ಬರನ್ನೂ ತಿದ್ದುಮನೆಗೆ ಎಳ್ಕೊಂಡ್ಹೋಗಿ!"

ಕಾವಲುಗಾರರು ಅವರತ್ತ ಹೊರಟರು. ಅಷ್ಟರಲ್ಲಿ ಅಡುಗೆಭಟ್ಟ ಉಸಿರು ಬಿಟ್ಟ. ಐದೂ ಗುಂಡಿ ತೋಪಿನ ಗುಂಡಿನಂತೆ ಹಾರಿದವು. ಎರಡು ಕಿಟಕಿ ಗಾಜು ಒಡೆದವು, ಒಂದಂತೂ ಅಧಿಕಾರಿಯ ಕನ್ನಡಕವನ್ನು ಆಚೆ ಬೀದಿಗೇ ಒಯ್ದಿತು.

"ತಾಯೀ, ನಂದೂ ಅಳತೆ ತಗೋ! ಇದರೊಳಗೆ ಸತ್ತೇ ಹೋಗ್ತೀನಿ!"

ಆಕೆ ಕೊರಳಿನ ಟೇಪು ಎಳೆದು ಅವನನ್ನು ಸುತ್ತಿದಳು. "ನಲವತ್ತೊಂಬತ್ತೂವರೆ!" ಎಂದು ಕೂಗಿದಳು. ಆ ಹಜಾರ ಕಟ್ಟಿದಾಗಿನಿಂದ ಅದರ ಗೋಡೆಗಳು ಮೂವತ್ತೆಂಟರ ಹೊರತು ಬೇರೆ ಅಳತೆ ಕೇಳಿರಲಿಲ್ಲ. ಜನ ಸಾಲು ಮುರಿದು ಆಕೆಯ ಸುತ್ತ ಮುತ್ತಿಕೊಂಡರು.

"ನಂದು?" ಎಂದ ಗುಮಾಸ್ತ.

"ಮೊದ್ಲು ಪೇಪರ್ ತೆಗಿ. ನೀನೇನು ಕಡ್ಲೆಕಾಯಿ ಪೊಟ್ಟಣಾನಾ? ಹಾಂ, ಮೂವತ್ತೊಂದು!"

ತಕ್ಕಡಿ ಅಧಿಕಾರಿಯ ರಿಜಿಸ್ಟರನ್ನೇ ಎಳೆದುಕೊಂಡು ಮೂವತ್ತೆಂಟುಗಳ ಮೇಲೆ ಗೀಟು ಹೊಡೆದ. "ಹೇಳಕ್ಕಾ, ಬರ್ಕೋತೀನಿ."

ಗುಂಪು ಸೀಳಿಕೊಂಡು ಬಂದ ಕಾವಲುಗಾರನೊಬ್ಬ ಕತ್ತರಿಯಕ್ಕನ ಬಲಗೈ ಬಿಗಿಯಾಗಿ ಹಿಡಿದ. ಆಕೆ ಬಿಡಿಸಿಕೊಳ್ಳಲು ಹೋಗಲಿಲ್ಲ. ಟೇಪನ್ನು ಎಡಗೈಗೆ ದಾಟಿಸಿ, ಹಿಡಿದ ಅವನ ಮಣಿಕಟ್ಟಿಗೇ ಸುತ್ತಿದಳು.

"ಏಳೂ ಮುಕ್ಕಾಲು," ಎಂದಳು. "ಬರ್ಕೊಳ್ಳೋ."