ಪತ್ರೊಡೆಯ ಡಬ್ಬಿ ಮತ್ತು ಸರಳ ಸಂಗತ ಚಲನೆ

ವಾರಿಜಾ ಪಾಠ ಹೇಳಿದರೆ ಎಂಥ ಮಂಕನ ತಲೆಗೂ ಫಿಸಿಕ್ಸು ಹತ್ತುತ್ತದೆ ಎಂದು ಡೊಂಬಿವಲಿಯ ಅವಳ ಹೌಸಿಂಗ್ ಸೊಸೈಟಿಯಲ್ಲಿ ಹೆಸರಿತ್ತು. ಇರಲಿ, ಒಳ್ಳೆಯದೇ. ಆದರೆ ಕಟ್ಟಿಕೊಂಡ ಗಂಡನಿಗೆ ಒಂದೇ ಒಂದು ಮಾತು ಹೇಳಲು ಎರಡು ವರ್ಷದಿಂದ ಅವಳಿಗೆ ಬಾಯಿ ಬಂದಿರಲಿಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು.

ಜಗಳವೇನಾದರೂ ಆಗಿತ್ತೇ ಎಂದರೆ ಅದೂ ಇಲ್ಲ. ಉಡುಪಿ ಕಡೆಯ ಮುರಾರಿಯದು ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಹೋಟೆಲಿತ್ತು. ಅದು ಮುಚ್ಚಿದ ಮೇಲೆ ಅವನು ಬೇಲಾಪುರದ ಒಂದು ಆಫೀಸಿನ ಕ್ಯಾಂಟೀನಿಗೆ ಮ್ಯಾನೇಜರಾಗಿ ಹೋದ. ಬೆಳಗಿನ ಜಾವ ಇಡ್ಲಿ ಏರಿಸಬೇಕಲ್ಲ, ನೆರೂಳಿನಲ್ಲಿ ರೂಮು ಹಿಡಿದ. 'ನೀನೂ ಬಾ' ಎಂದು ಅವನು ಅನ್ನಲಿಲ್ಲ. ಹೋಟೆಲು ಮುಳುಗಿಸಿದವನು ಯಾವ ಮುಖ ಇಟ್ಟುಕೊಂಡು ಕರೆಯುವುದು ಎಂದು ಅವನ ಸಂಕೋಚ. 'ಮನೆಯಿಂದಲೇ ಓಡಾಡಿ' ಎಂದು ಇವಳು ಅನ್ನಲಿಲ್ಲ. ಕೇಳದೆ ಹೊರಟವನನ್ನು ತಡೆಯಲು ನಾನು ಯಾರು ಎಂದು ಇವಳ ಬಿಗುಮಾನ. ಅವನ ದಿಂಬಿನ ಮೇಲೆ ಕೈಯಿಟ್ಟರೆ ಮಾತ್ರ ಇವಳಿಗೆ ನಿದ್ದೆ ಬರುತ್ತಿತ್ತು. ಫೋನಿನಲ್ಲಿ ಹೇಳುತ್ತಿದ್ದುದು 'ಗ್ಯಾಸ್ ಬುಕ್ ಆಯ್ತು' ಅಂತ. ಇಂಥವರಿಗೆ ಏನು ಹೇಳುವುದು ಮಾರಾಯ್ರೇ!

ನಡುವೆ ಮಗಳು ತನ್ವಿ, ಹನ್ನೊಂದನೆಯ ಕ್ಲಾಸು. ಶನಿವಾರ ಅಪ್ಪನ ಕಡೆಗೆ, ಭಾನುವಾರ ಸಂಜೆ ಅಮ್ಮನ ಕಡೆಗೆ. ಒಬ್ಬಳೇ ದಾದರ್‌ವರೆಗೆ ಹೋಗಿ ಚಪ್ಪಲಿ ತರುವ ಹುಡುಗಿ; ಅವಳನ್ನು ದಾಟಿಸಲು ನಡುದಾರಿಯ ಥಾಣೆ ಸ್ಟೇಷನ್ನಿಗೆ ಅಪ್ಪ ಅಮ್ಮ ಇಬ್ಬರೂ ಬರಬೇಕಂತೆ! ಕಾರಣ ಗೊತ್ತಾಗದಷ್ಟು ಪೆದ್ದರೇ ನಾವು? ಒಬ್ಬರನ್ನೊಬ್ಬರು ನೋಡುವ ಆಸೆ. ನೋಡಿ ಮಾಡುತ್ತಿದ್ದದ್ದಾದರೂ ಏನು? 'ಬಂದ್ಯಾ?' 'ಹೂಂ.' 'ಟ್ರೈನ್ ಬಂತು.' ಅಷ್ಟೇ. ಆಮೇಲೆ ಮುರಾರಿ ಗಂಡಸರ ಬೋಗಿಗೆ ಓಡುತ್ತಿದ್ದ, ತನ್ವಿ ಲೇಡೀಸ್ ಬೋಗಿಗೆ.

ಅವಳ ಕೈಯಲ್ಲಿ ಒಂದು ಸ್ಟೀಲು ಡಬ್ಬಿ ಇರುತ್ತಿತ್ತು. ವಾರಿಜಾ ಅಳೂ ಸೊಪ್ಪು, ಅಂದರೆ ನಮ್ಮ ಕೆಸುವಿನ ಎಲೆ, ಹುಡುಕಿ ತಂದು, ಹಿಟ್ಟು ಸವರಿ, ಬೇಯಿಸಿ, ಮುರಾರಿಯ ಜೀವವಾದ ಪತ್ರೊಡೆ ತುಂಬಿಸಿಕೊಡುತ್ತಿದ್ದಳು. ಬಾಯಲ್ಲಿ ಮಾತ್ರ, "ಮನೆಯಲ್ಲಿ ಉಳಿದದ್ದು, ಹಾಳಾಗ್ತದೆ, ತಗೊಂಡು ಹೋಗು." ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದು ನಮ್ಮ ಊರಿನವರ ಜಾಯಮಾನವಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಹಾಗೆ ಭಾನುವಾರ ಅದೇ ಡಬ್ಬಿ ಕುಂಬಳಕಾಯಿ ಹಲ್ವ ತುಂಬಿಕೊಂಡು ಬರುತ್ತಿತ್ತು. ವಾರಿಜಾ ಅದನ್ನು ಅಡುಗೆಮನೆಯ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದಳು, ಕಣ್ಣೀರು ಬಂದರೆ ಯಾರೂ ನೋಡಬಾರದಲ್ಲ.

ಆಮೇಲೆ ಹಲ್ವ ಅರ್ಧ ಡಬ್ಬಿಯಾಯಿತು. ನಂತರ ಎರಡು ಚೂರು. ಕಳೆದ ಭಾನುವಾರ ಡಬ್ಬಿ ಪೂರ್ತಿ ಖಾಲಿ, ಒರೆಸಿದ ಹಾಗೆ ಸ್ವಚ್ಛ. ಜೊತೆಗೆ ತನ್ವಿ ಚಪ್ಪಲಿ ಬಿಡುತ್ತಲೇ, "ಪಪ್ಪನ ಸೇಠು ನಾಸಿಕದಲ್ಲಿ ಹೊಸ ಹೋಟೆಲ್ ತೆಗೀತಿದ್ದಾರೆ. ಪಪ್ಪ ಒಂದನೇ ತಾರೀಖಿಗೆ ಉಧರ್ ಶಿಫ್ಟ್," ಎಂದಳು. ವಾರಿಜಾಳ ಎದೆ ಧಸಕ್ಕೆಂದಿತು. ನಾಸಿಕಕ್ಕೆ ಹೋದವನು ಶನಿವಾರ ಥಾಣೆಗೆ ಬರುತ್ತಾನೆಯೇ? ಎಲ್ಲ ಮುಗಿದ ಹಾಗೇ.

ಮರುದಿನದ ಟ್ಯೂಷನ್ನಿಗೆ ಸರಿಯಾಗಿ ತೂಗಾಟದ ಪಾಠವೇ ಬರಬೇಕೇ! ಬಟ್ಟೆ ಒಣಗಿಸುವ ಸರಳಿಗೆ ದಾರ ಕಟ್ಟಿ, ಒಂದು ಬೀಗ ತೂಗುಬಿಟ್ಟಳು.

"ನಡುವಿನಿಂದ ಎಷ್ಟು ದೂರ ಎಳೀತೀರೋ, ವಾಪಸ್ ಎಳೆಯುವ ಬಲವೂ ಅಷ್ಟೇ ಜಾಸ್ತಿ. ಎರಡರಷ್ಟು ದೂರ, ಎರಡರಷ್ಟು ಸೆಳೆತ. ಅದೂ ಯಾವಾಗಲೂ ನಡುವಿನ ಕಡೆಗೇ. ಇದೇ ಸರಳ ಸಂಗತ ಚಲನೆ. ದೊಡ್ಡ ತೂಗಾಟಕ್ಕೆ ಬೀಗ ಪೂರ್ತಿ ಹಾಗಲ್ಲ, ಸಣ್ಣ ತೂಗಾಟಕ್ಕೆ ಸರಿ."

ಪಕ್ಕದ ವಿಂಗಿನ ಸಾತ್ವಿಕ ಕೈ ಎತ್ತಿದ. "ಟೀಚರ್, ನಡುವೆ ಫೋರ್ಸ್ ಝೀರೋ ಅಲ್ವಾ? ಫಿರ್ ಅಲ್ಲೇ ಯಾಕೆ ನಿಲ್ಲುದಿಲ್ಲ?"

"ಬಲ ಇಲ್ಲ, ಆದರೆ ವೇಗ ಅಲ್ಲೇ ಅತಿ ಹೆಚ್ಚು. ಆ ವೇಗವೇ ಆಚೆ ದಾಟಿಸ್ತದೆ. ನಿಲ್ಲುವುದು ಎರಡು ತುದಿಯಲ್ಲಿ, ಅದೂ ಕ್ಷಣಮಾತ್ರ."

"ಈಗ ತೂಗಾಟ ಸಣ್ಣ ಆಯ್ತಲ್ಲ?"

"ಗಾಳಿ ತಡೀತದೆ. ಹೋಗಿ ಬರುವ ಸಮಯ ಹೆಚ್ಚು ಕಡಿಮೆ ಅಷ್ಟೇ ಇರ್ತದೆ, ದೂರ ಮಾತ್ರ ಪ್ರತಿ ಸಲ ಚೂರು ಕಮ್ಮಿ. ಕೊನೆಗೆ..." ಎಂದವಳು ಬೀಗವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಶನಿವಾರಗಳು ತಪ್ಪದೆ ಬರುತ್ತಿದ್ದವು, ಡಬ್ಬಿಯೊಳಗಿನದು ಮಾತ್ರ ಕಮ್ಮಿಯಾಗುತ್ತ ಬಂದಿತ್ತು. ತಲೆನೋವು ಎಂದು ಸುಳ್ಳು ಹೇಳಿ ಮಕ್ಕಳನ್ನು ಕಳಿಸಿಬಿಟ್ಟಳು.

ಆದರೂ ಶುಕ್ರವಾರ ಪತ್ರೊಡೆ ಬೇಯಿಸಿದಳು. ಕೈ ಕೇಳಬೇಕಲ್ಲ.

ಶನಿವಾರ ಥಾಣೆಯ ಪ್ಲ್ಯಾಟ್‌ಫಾರ್ಮಿನಲ್ಲಿ ಮುರಾರಿ ನಿಂತಿದ್ದ, ಇಸ್ತ್ರಿ ಇಲ್ಲದ ಬಿಳಿ ಶರ್ಟು. ಸೊರಗಿದ್ದ. ಈ ಮನುಷ್ಯನನ್ನು ಇವತ್ತು ಬಿಟ್ಟರೆ ಇನ್ನಿಲ್ಲ ಎಂದು ಅವಳಿಗೆ ಗೊತ್ತಾಯಿತು.

"ನಾಸಿಕಕ್ಕಂತೆ," ಎಂದಳು.

"ಹೂಂ."

"ಒಳ್ಳೇದಾಯ್ತು."

ಒಳ್ಳೇದಾಯ್ತಂತೆ! ಅಷ್ಟರಲ್ಲಿ ನೆರೂಳಿನ ಗಾಡಿ ಬಂತು. ಮುರಾರಿ ಮುಂದಿನ ಬೋಗಿಗೆ ಓಡಿದ. ಮಗಳನ್ನು ಹತ್ತಿಸಲೆಂದು ದಾಪುಗಾಲು ಹಾಕಿದ ವಾರಿಜಾ ತಾನೂ ಹತ್ತಿದಳು. ಜನ ತಳ್ಳಿದರು ಎಂದು ಆಮೇಲೆ ಹೇಳಿಕೊಂಡಳು. ಯಾರೂ ತಳ್ಳಲಿಲ್ಲ. ಅಲ್ಲಿಂದಲೇ ತಿರುಗಿ ಹೋಗಲು ಅವಳಿಂದ ಆಗಲಿಲ್ಲ, ಅಷ್ಟೇ.

"ಮಮ್ಮಿ! ತೂ ಇಥೇ ಕಶೀ?" ನೀನು ಇಲ್ಲಿ ಹೇಗೆ ಎಂದು ತನ್ವಿ ಕಣ್ಣರಳಿಸಿದಳು.

ರಬಾಳೆಯಲ್ಲಿ ಒಂದಷ್ಟು ಜನ ಇಳಿದು ಸೀಟು ಸಿಕ್ಕಿತು. ತನ್ವಿ ಕುಳಿತವಳೇ ಡಬ್ಬಿ ಬಿಚ್ಚಿ, ಒಂದು ಪತ್ರೊಡೆ ಬಾಯಿಗೆ ಹಾಕಿ, ಇನ್ನೊಂದನ್ನು ಎದುರಿನ ಕಾಲೇಜು ಹುಡುಗಿಗೆ ನೀಡಿದಳು. ಅವಳೂ ದಿನಾ ತಿನ್ನುವವಳ ಹಾಗೆ ತೆಗೆದುಕೊಂಡಳು.

"ಏ! ಎಂತ ಮಾಡ್ತಿದ್ದಿ? ಅದು ಪಪ್ಪನಿಗೆ!"

ತನ್ವಿಯ ಬಾಯಿ ಅಲ್ಲೇ ನಿಂತಿತು. "ಪಪ್ಪನಿಗಾ? ನೀನು ಕಭೀ ಹೇಳ್ಲೇ ಇಲ್ಲ. 'ಉಳಿದದ್ದು, ಹಾಳಾಗ್ತದೆ' ಅಂತಿ. ಮೊದಲು ಪಪ್ಪನಿಗೂ ಕೊಡ್ತಿದ್ದೆ. ಆಮೇಲೆ ಟ್ರೈನಲ್ಲಿ ಭೂಕ್ ಲಗ್ತಾ ಹೈ ನಾ, ಹಸಿವಾಗಿ ತಿಂದೆ."

"ಹಲ್ವ?"

"ಅದೂ ತಿಂದೆ. ಪಪ್ಪನೂ ಸೇಮ್ ಡೈಲಾಗ್, 'ಕ್ಯಾಂಟೀನಲ್ಲಿ ಉಳಿದದ್ದು' ಅಂತ."

ಬೈಯಬೇಕೆಂದು ವಾರಿಜಾ ಬಾಯಿ ತೆರೆದಳು. ಯಾರನ್ನು ಬೈಯುವುದು? ಹುಡುಗಿ ಹೇಳಿದ್ದು ಸತ್ಯವೇ. ಗಂಡ ಹೆಂಡತಿ ಇಬ್ಬರೂ ಸೇರಿ ತಮ್ಮ ಪ್ರೀತಿಗೆ ಉಳಿದದ್ದೆಂದು ಹೆಸರಿಟ್ಟಿದ್ದರು.

ನೆರೂಳಿನಲ್ಲಿ ಇಳಿದಾಗ ಮುರಾರಿ ಮಗಳಿಗಾಗಿ ಕಾಯುತ್ತಿದ್ದ. ಹಿಂದೆ ಹೆಂಡತಿಯನ್ನು ಕಂಡು ಮುಖ ಬಿಳಿಚಿತು. "ಎಂತಾಯ್ತು? ಊರಲ್ಲಿ ಅಮ್ಮನಿಗೆ ಹುಷಾರಿಲ್ವಾ?"

"ಇದು ಉಳಿದದ್ದಲ್ಲ," ಎಂದಳು ವಾರಿಜಾ, ಅರ್ಧ ಖಾಲಿಯಾದ ಡಬ್ಬಿ ಮುಂದೆ ಹಿಡಿದು. "ನಿಮಗೇ ಅಂತ ಮಾಡಿದ್ದು. ಪ್ರತಿ ವಾರವೂ ನಿಮಗೇ ಮಾಡಿದ್ದು. ಇವಳು ದಾರಿಯಲ್ಲಿ ತಿಂದಿದ್ದಾಳೆ. ನಿಮ್ಮ ಹಲ್ವವನ್ನೂ ಇವಳೇ ತಿಂದಿದ್ದಾಳೆ."

ಮುರಾರಿ ಮಗಳನ್ನು ನೋಡಿದ, ಡಬ್ಬಿಯನ್ನು ನೋಡಿದ, ಹತ್ತಿರದ ಬೆಂಚಿನ ಮೇಲೆ ಧೊಪ್ಪನೆ ಕುಳಿತ. "ಖಾಲಿ ಡಬ್ಬಿ ಬರ್ತಿತ್ತು ಮಾರಾಯ್ತಿ. ನಿನಗೆ ಸಾಕಾಯ್ತು ಅಂದ್ಕೊಂಡೆ. ಆದರೂ ತುಂಬಿಸಿಯೇ ಕಳಿಸಿದೆ. ಇನ್ನು ಹತ್ತಿರ ಇದ್ದು ಸಂಕಟಪಡುದು ಬೇಡ ಅಂತ ನಾಸಿಕಕ್ಕೆ ಹೂಂ ಅಂದೆ."

"ಹೋಗಬೇಡಿ," ಎಂದಳು. "ಮನೆಗೆ ಬನ್ನಿ."

ತನ್ವಿ ಇಬ್ಬರನ್ನೂ ನೋಡಿದಳು.

"ಎಂತ? ಕೇಳಿಸಲಿಲ್ಲ," ಎಂದ ಮುರಾರಿ.

ಗಾಡಿ ಹೋಗಿ ಎಷ್ಟೋ ಹೊತ್ತಾಗಿತ್ತು, ಪ್ಲ್ಯಾಟ್‌ಫಾರ್ಮಿನಲ್ಲಿ ಸದ್ದೇ ಇರಲಿಲ್ಲ. ಅವನಿಗೆ ಚೆನ್ನಾಗಿ ಕೇಳಿಸಿದೆ ಎಂದು ಅವಳಿಗೆ ಗೊತ್ತಿತ್ತು. ವಾರಿಜಾ ಅವನ ಪಕ್ಕ ಕುಳಿತು, ಇನ್ನೊಮ್ಮೆ ಹೇಳಿದಳು.