ಹೇಳಬಾರದ ಬೆಟ್ಟ

ಹಳದಿ, ಮತ್ತೆ ಹಳದಿ, ಕಿಟಕಿಯಾಚೆ ಕನೋಲಾ ಹೊಲ ಗುಡ್ಡದ ಬುಡದ ತನಕ ಹರಡಿದೆ, ಸಾಸಿವೆ ಹೂವಿನಂಥದೇ ಹಳದಿ, ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಉಳಿಯುವಂಥದ್ದು, ಪದ್ಮಿನಿ ಮುಚ್ಚಿ ನೋಡಿದಳು, ಹೌದು, ಉಳಿಯಿತು, ತೆರೆದರೆ ಪಕ್ಕದಲ್ಲಿ ಇವರು, ಉಮಾಶಂಕರ್, ಸ್ಟೀರಿಂಗ್ ಮೇಲೆ ಎರಡೂ ಕೈ ಊರಿ, ಮುಂದಿನ ಟ್ರಕ್ಕನ್ನು ದಾಟಲೋ ಬೇಡವೋ ಎಂದು ಆಗಿನಿಂದ ಲೆಕ್ಕ ಹಾಕುತ್ತಿರುವ ಗಂಡ, ಸೇತುವೆ ಕಟ್ಟಿಸಿದ ಎಂಜಿನಿಯರ್ ಅಲ್ಲವೇ, ಲೆಕ್ಕ ಸರಿಹೋಗದೆ ಕಾಲು ಕೂಡ ಎತ್ತಿಡುವವರಲ್ಲ — ಬೆಳಿಗ್ಗೆ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಮನೆಗೆ ಬೀಗ ಹಾಕಿ ಹೊರಟದ್ದು, ಕಾಲ ಬಳಿ ಚಿತ್ರಾನ್ನದ ಡಬ್ಬಿ, ಗುಂಡಗಾಯ್ ದಾಟಿಯಾಯಿತು, ಸಂಜೆಯೊಳಗೆ ಮೆಲ್ಬರ್ನ್, ಅಲ್ಲಿಂದ ವಿಂಡಮ್ ವೇಲ್, ಮಗಳು ಅಪರ್ಣಳ ಹೊಸ ಮನೆ, ಅವಳ ಪುಟ್ಟ ಮಗು, ಅಳಿಯ ಜಯೇಶನ ಅಮ್ಮ ಉಡುಪಿಯಿಂದ ಫೋನಿನಲ್ಲಿ ಸೂಚಿಸಿದ ನಿರೀಕ್ಷಾ ಎಂಬ ಹೆಸರಿನ ಮಗು, ಅದನ್ನು ನೆನೆದರೆ ಎದೆ ಬೆಚ್ಚಗಾಗುತ್ತದೆ, ಆದರೆ ಅದರ ಹಿಂದೆಯೇ ಆ ಮಾತು, ಊರು ತಲುಪುವುದರೊಳಗೆ ಇವರಿಗೆ ಹೇಳಲೇಬೇಕಾದ ಮಾತು. ಅಮ್ಮ, ನೀವಿಬ್ಬರೂ ಬಂದ್ಬಿಡಿ, ಜಾನ್ಯುವರೀಲಿ ನಾನು ಕೆಲಸಕ್ಕೆ ವಾಪಸ್ ಹೋಗ್ಬೇಕು, ಚೈಲ್ಡ್‌ಕೇರ್‌ನಲ್ಲಿ ಸೀಟೇ ಇಲ್ಲ, ಮುಂದಿನ ರೂಮ್ ನಿಮಗೇ ಅಂತ ಪೇಂಟ್ ಮಾಡ್ಸಿದೀನಿ ಎಂದು ಅಪರ್ಣ ಫೋನಿನಲ್ಲಿ ಇಬ್ಬರಿಗೂ ಕೇಳುವಂತೆ ಹೇಳಿದಾಗ ಪದ್ಮಿನಿ ಹೂಂ ನೋಡೋಣ ಎಂದಿದ್ದಳು, ಮೈಸೂರಿನವರ ಹೂಂ ನೋಡೋಣ, ಅದು ಹೌದೂ ಅಲ್ಲ ಇಲ್ಲವೂ ಅಲ್ಲ, ಸಿಡ್ನಿಯಲ್ಲಿ ಬೆಳೆದ ಮಗಳಿಗೆ ಅದು ಹೌದು ಎಂದೇ ಕೇಳಿಸಿತು, ಕೇಳಿಸದೆ ಏನು, ಅಮ್ಮ ಯಾವತ್ತು ಇಲ್ಲ ಅಂದಿದ್ದಾಳೆ.

ಜಪಾನಿನ ಮೂರು ಬೆಟ್ಟಗಳ ಯಾತ್ರೆಯಲ್ಲೂ ಇಲ್ಲ ಅನ್ನುವ ಹಾಗಿರಲಿಲ್ಲ. ಗೈಡ್ ಮೊದಲೇ ಹೇಳಿದ್ದ, ನಾನು ಏನು ಹೇಳಿದರೂ ಉಕೆತಮೊ ಅನ್ನಬೇಕು, ಒಪ್ಪಿಕೊಂಡೆ ಅಂತ ಅರ್ಥ, ಬೇರೆ ಮಾತು ಬೇಡ. ಲ್ಯಾಬಿನಲ್ಲಿ ಇಷ್ಟು ವರ್ಷ ಪಕ್ಕದ ಮೈಕ್ರೋಸ್ಕೋಪಿನ ಮುಂದೆ ಕೂತು ಎಡೆಬಿಡದೆ ಮಾತಾಡಿದ ಗೆಳತಿ ವಿಜಯಾಗೆ ಇದೇ ದೊಡ್ಡ ತಪಸ್ಸಾಯಿತು, ಇವರ ಮಂಡಿ ನೋವಿಗೆ ಜಪಾನ್ ಪ್ರವಾಸ ಆಗದು ಎಂದಾಗ ಜೊತೆಗೆ ಹೊರಟವಳು ಅವಳೇ, ಇಬ್ಬರೂ ರಿಟೈರ್ ಆಗಿ ಹೆಚ್ಚು ದಿನ ಆಗಿರಲಿಲ್ಲ, ಇಬ್ಬರಿಗೂ ಬಿಳಿ ಬಟ್ಟೆ ಉಡಿಸಿದರು, ಬಿಳಿ ಯಾಕೆ ಎಂದು ವಿಜಯಾ ಕೇಳಿಯೇಬಿಟ್ಟಳು, ಸತ್ತವರಿಗೆ ಉಡಿಸುವ ಬಟ್ಟೆ ಇದು, ಹತ್ತುವಾಗ ಸಾಯುತ್ತೀರಿ, ಇಳಿಯುವಾಗ ಹುಟ್ಟುತ್ತೀರಿ, ಊಟ ಆಮೇಲೆ ಎಂದ ಆತ ನಗುತ್ತಲೇ, ಉಕೆತಮೊ ಎಂದರು ಇಬ್ಬರೂ, ಮಂಜು, ಪಾಚಿ ಹಿಡಿದ ಕಲ್ಲು ಮೆಟ್ಟಿಲು, ಎರಡೂ ಬದಿಗೆ ಆಕಾಶ ಮುಟ್ಟುವ ಸೀಡರ್ ಮರ, ಮುಂದೆಲ್ಲೋ ಕಾಣದ ಕಡೆಯಿಂದ ಶಂಖ — ಶಂಖವೇ, ಸಂದೇಹವಿಲ್ಲ, ಅಜ್ಜ ಮಂಗಳಾರತಿಗೆ ಮುಂಚೆ ಊದುತ್ತಿದ್ದಂಥದ್ದೇ, ಇಲ್ಲಿ ಅದು ಪೂಜೆಗಲ್ಲ, ಹಿಂದೆ ಬಿದ್ದವರನ್ನು ಕರೆಯಲಿಕ್ಕೆ, ಹಿಂದೆ ಬಿದ್ದವಳು ಪದ್ಮಿನಿಯೇ, ಉಸಿರು ಹಿಡಿದಿತ್ತು, ತೊಡೆ ನಡುಗುತ್ತಿತ್ತು, ಆದರೂ ಕೂತುಬಿಡೋಣ ಅನ್ನಿಸಲಿಲ್ಲ, ಯಾರಿಗೂ ಏನನ್ನೂ ವಿವರಿಸಬೇಕಿಲ್ಲ ಎನ್ನುವುದೇ ಕಾಲಿಗೆ ಬಲ ಕೊಡುತ್ತಿತ್ತು. ಮೊದಲ ಬೆಟ್ಟ, ಎರಡನೆಯದು, ಆಮೇಲೆ ಆ ಮೂರನೆಯದು, ಅಲ್ಲಿ ಚಪ್ಪಲಿ ಬಿಡಬೇಕು, ಮನುಷ್ಯಾಕೃತಿಯಲ್ಲಿ ಕತ್ತರಿಸಿದ ಕಾಗದದ ಚೂರು ಕೊಡುತ್ತಾರೆ, ಅದನ್ನು ಮೈಗೆ ಸವರಿ, ಉಸಿರು ಊದಿ, ಹರಿಯುವ ನೀರಿಗೆ ಬಿಡಬೇಕು, ಬಿಟ್ಟಳು, ಆ ಪುಟ್ಟ ಮನುಷ್ಯ ತೇಲಿ, ತೊಯ್ದು, ಅಂಚು ಕರಗಿ ಹೋಗುವುದನ್ನು ಬಗ್ಗಿ ನೋಡಿದಳು, ಅದರಾಚೆ ಇದ್ದದ್ದನ್ನು ಹೇಳಬಾರದು, ನೋಡಿದವರು ಹೇಳಬಾರದು, ನೋಡದವರು ಕೇಳಬಾರದು, ಅದು ಅಲ್ಲಿಯ ಕಟ್ಟಳೆ. ಮನೆಗೆ ಬಂದ ಮೇಲೆ ಇವರು ಕಾಫಿ ಹೀರುತ್ತಾ ದಿನವೂ ಕೇಳುತ್ತಾರೆ, ಅಲ್ಲ, ಏನಿತ್ತು ಅಲ್ಲಿ, ವಿಗ್ರಹಾನಾ, ಗುಹೇನಾ, ನಂಗಾದ್ರೂ ಹೇಳ್ಬಹುದಲ್ಲ. ಲ್ಯಾಬಿನ ಜಗಳ, ತಂಗಿಯ ಫೋನು, ಬಸ್ಸಿನಲ್ಲಿ ಯಾರೋ ಜಾಗ ಬಿಟ್ಟುಕೊಟ್ಟದ್ದು, ಎಲ್ಲ ಇವರಿಗೆ ಹೇಳಿಯೇ ಮಲಗುತ್ತಿದ್ದವಳು, ಇದೊಂದನ್ನು ಹೇಳಲಿಲ್ಲ, ಹೇಳದೆ ಇಟ್ಟುಕೊಂಡರೆ ಒಳಗೆ ಇಷ್ಟು ಜಾಗವಿತ್ತೇ ಎಂದು ಆಶ್ಚರ್ಯವಾಯಿತು, ಹಳೆ ಮನೆಯಲ್ಲಿ ಗೊತ್ತೇ ಇರದ ಕೋಣೆಯ ಬಾಗಿಲು ತೆರೆದ ಹಾಗೆ.

ಬೆಂಡೆಕಾಯಿ. ನಗು ಬಂತು, ಕಾರು ನಡೆಸುತ್ತಲೇ ಇವರು ತಿರುಗಿ ನೋಡಿದರು, ಏನಿಲ್ಲ ಎಂದಳು. ಬೆಟ್ಟ ಇಳಿದ ಮಾರನೆಯ ದಿನ ಕೆಳಗಿನ ಹಳ್ಳಿಯಲ್ಲಿ ಕಾಗದ ಮಾಡುವ ಮನೆ, ಸೆತ್ಸುಕೊ ಸಾನ್ ಎಂಬ ಹೆಂಗಸು, ಪದ್ಮಿನಿಯ ವಯಸ್ಸೇ, ಕೆಂಪು ಕೆನ್ನೆ, ರಬ್ಬರ್ ಬೂಟು, ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆ ಸುಲಿದು, ಬೂದಿ ನೀರಿನಲ್ಲಿ ಬೇಯಿಸಿ, ಬಡಿದು, ಹತ್ತಿಯಂತಾದ ನಾರನ್ನು ತೊಟ್ಟಿಗೆ ಹಾಕಿದಳು, ಹಿಪ್ಪುನೇರಳೆ ಅಂದರೆ ರೇಷ್ಮೆಹುಳು ಎಂದಷ್ಟೇ ಗೊತ್ತಿದ್ದ ಮೈಸೂರಿನವಳು ಕಣ್ಣರಳಿಸಿ ನೋಡಿದಳು, ಆಮೇಲೆ ಸೆತ್ಸುಕೊ ಒಂದು ಬೇರನ್ನು ಜಜ್ಜಿ ನೆನೆಸಿದ ನೀರು ತಂದಳು, ಎತ್ತಿದರೆ ದಾರ ದಾರ, ಲೋಳೆ, ಬೆಂಡೆಯ ಬಳಗದ್ದೇ ಗಿಡವಂತೆ, ಈ ಲೋಳೆ ಇಲ್ಲದಿದ್ದರೆ ನಾರೆಲ್ಲ ತಳಕ್ಕೆ ಕೂರುತ್ತದೆ, ಕಾಗದವೇ ಆಗದು ಎಂದು ಗೈಡ್ ಅನುವಾದಿಸಿದ — ಮದುವೆಯಾದಾಗಿನಿಂದ ಬೆಂಡೆಕಾಯಿ ತೊಳೆದು, ಒರೆಸಿ, ಹುರಿದು, ಹುಣಸೆಹುಳಿ ಹಾಕಿ ಈ ಲೋಳೆ ಬಿಡಿಸುವುದೇ ಕೆಲಸ, ಸ್ವಲ್ಪ ಉಳಿದರೂ ಇವರು ತಟ್ಟೆಯಂಚಿಗೆ ಸರಿಸುತ್ತಾರೆ, ಇಲ್ಲಿ ಅದನ್ನೇ ತುಪ್ಪದ ಹಾಗೆ ಹನಿಸಿ ಹನಿಸಿ ಹಾಕುತ್ತಾರೆ. ಚೌಕಟ್ಟು ಮುಳುಗಿಸು, ಎತ್ತು, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ನೀರು ಇಳಿದು ಹೋಗುತ್ತಾ ಬಿದಿರ ಚಾಪೆಯ ಮೇಲೆ ಕೆನೆ ಕಟ್ಟುತ್ತದೆ, ಪದ್ಮಿನಿಯ ಕೆನೆ ಒಂದು ಕಡೆ ದಪ್ಪ, ಒಂದು ಕಡೆ ತೂತು, ಸೆತ್ಸುಕೊ ನಕ್ಕು ಚಾಪೆಯನ್ನು ಬೋರಲು ಹಾಕಿ ಕೆನೆಯನ್ನು ತೊಟ್ಟಿಗೇ ಕದಡಿದಳು, ಒಣಗುವ ತನಕ ಏನೂ ಹಾಳಲ್ಲ, ಮತ್ತೆ ಎತ್ತು ಎಂದಳು, ಮತ್ತೆ ಎತ್ತಿದಳು, ಸಂಜೆಯ ತನಕ ಎತ್ತಿದಳು, ವಿಜಯಾ ಮೂಲೆಯಲ್ಲಿ ಕೂತು ನಿದ್ದೆ ಮಾಡಿದಳು. ಹೊರಡುವಾಗ ಸೆತ್ಸುಕೊ ಇವಳ ಅಂಗೈ ತಿರುಗಿಸಿ ನೋಡಿ, ಕೈ ಚೆನ್ನಾಗಿದೆ, ಜನವರಿಗೆ ಬಾ, ನೀರು ಕೊರೆಯುವಾಗಲೇ ಒಳ್ಳೆ ಕಾಗದ ಆಗುವುದು, ಮಾಳಿಗೆಯ ಕೋಣೆ ಖಾಲಿಯಿದೆ ಎಂದಳು, ಉಕೆತಮೊ, ಬಾಯಿಂದ ತಾನಾಗಿ ಬಂದಿತ್ತು.

ಆಲ್ಬರಿಯಲ್ಲಿ ಕಾರು ನಿಲ್ಲಿಸಿದರು, ಮರ್ರೆ ನದಿಯ ದಂಡೆ, ಮರದ ಬೆಂಚು, ಆಚೆ ದಡ ವಿಕ್ಟೋರಿಯಾ, ನೀರು ಕಂದು, ನಿಧಾನ, ಇವರು ಚಿತ್ರಾನ್ನದ ಕಡಲೆಕಾಯಿ ಬೀಜ ಹುಡುಕಿ ಹುಡುಕಿ ತಿನ್ನುತ್ತಿದ್ದರು, ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎನಿಸಿತು, ಜಾನ್ಯುವರೀಲಿ ನಾನು ಜಪಾನಿಗೆ ಹೋಗ್ಬೇಕು ಅಂದ್ಕೊಂಡಿದೀನಿ, ಚಳಿ ಮುಗಿಯೋವರೆಗೂ, ಕಾಗದ ಮಾಡೋದು ಕಲಿಯೋಕೆ ಎಂದಳು, ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. ಇವರು ಚಮಚ ಕೆಳಗಿಟ್ಟರು. ಲಾಂಡ್ರಿ ಟಬ್‌ನಲ್ಲಿ ಬೆಂಡೆಕಾಯಿ ನೀರಲ್ಲಿ ಪೇಪರ್ ಕಲಸ್ತಿದ್ದೆಯಲ್ಲ, ಆಗ್ಲೇ ಅಂದ್ಕೊಂಡೆ ಎಂದರು. ಹಾಗಾದ್ರೆ ಮಗು ಎಂದು ಕೇಳಿದರು, ಗೊತ್ತಿಲ್ಲರೀ ಎಂದಳು, ನಿಜವಾಗಿಯೂ ಗೊತ್ತಿರಲಿಲ್ಲ, ಬೇಡ ಬಿಡಿ ಎನ್ನಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಇವರು, ಮಗೂನ ನಾನು ನೋಡ್ಕೋತೀನಿ. ನಗಬಾರದಿತ್ತು, ನಕ್ಕುಬಿಟ್ಟಳು. ಇವರು ನಗಲಿಲ್ಲ, ಅಪರ್ಣ ಮಗುವಾಗಿದ್ದಾಗ ನಾನು ಮನೇಲೇ ಇರ್ಲಿಲ್ಲ ಪದ್ಮಿನಿ, ಈಗ ಇದೀನಲ್ಲ, ಬಾಟ್ಲು ಬಿಸಿ ಮಾಡೋದು, ಡೈಪರ್ ಹಾಕೋದು ತೋರ್ಸು, ಸಾಕು ಎಂದರು, ಡಬ್ಬಿಯ ಮುಚ್ಚಳ ಹಾಕಿದರು. ಇರಲಿಲ್ಲ, ನಿಜ, ಸೋಮವಾರ ಬೆಳಿಗ್ಗೆ ಸೈಟಿಗೆ ಹೋದರೆ ಶುಕ್ರವಾರ ಬರುತ್ತಿದ್ದರು, ಮಗು ಇವರ ಮುಖ ಕಂಡು ಅಳುತ್ತಿತ್ತು, ಇವರು ಬ್ಯಾಗು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿರುತ್ತಿದ್ದರು, ಅದೆಲ್ಲ ಇವರಿಗೆ ನೆನಪಿದೆಯೆಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ, ಹಾಗಾದರೆ ಇವರೂ ಹೇಳದೆ ಇಟ್ಟುಕೊಂಡದ್ದಿದೆ.

ಮರಗಳಿಲ್ಲದ ಹೊಸ ಬೀದಿಗಳು, ಅರ್ಧ ಎದ್ದ ಮನೆಗಳ ಮರದ ಅಸ್ಥಿಪಂಜರ, ಗಾಳಿ, ಇದೇ ವಿಂಡಮ್ ವೇಲ್, ಬಾಗಿಲಲ್ಲಿ ಅಪರ್ಣ, ಚಹಾ ಮುಗಿಯುವ ಮೊದಲೇ ಇವರು ವಿಷಯ ಹೇಳಿಬಿಟ್ಟರು, ಅಪ್ಪಾ, ಸೀರಿಯಸ್ಲಿ ಎಂದಳು ಅಪರ್ಣ, ಆಮೇಲೆ ಅಮ್ಮನನ್ನೇ ನೋಡಿದಳು, ಸ್ವಲ್ಪ ನೋವಿತ್ತು ಅದರಲ್ಲಿ, ಪದ್ಮಿನಿ ಕಣ್ಣು ತಗ್ಗಿಸಲಿಲ್ಲ, ಕೊನೆಗೆ ಅಪರ್ಣಳೇ ಬಾಯಿಬಿಟ್ಟು, ಅಲ್ಲಿ ಸ್ನೋ ಬೀಳುತ್ತಲ್ಲ, ಸರಿಯಾದ ಕೋಟ್ ಇದ್ಯಾ ನಿನ್ನತ್ರ ಎಂದಳು, ಎದ್ದು ಹೋಗಿ ಮಗುವನ್ನು ತಂದು ಅಪ್ಪನ ಕೈಯಲ್ಲಿಟ್ಟಳು. ಇವರು ಗಾಜಿನ ಪಾತ್ರೆ ಹಿಡಿದಂತೆ ಹಿಡಿದರು, ಮೊಣಕೈ ಎಲ್ಲಿಡಬೇಕೋ ತಿಳಿಯದು, ಕತ್ತಿಗೆ ಕೈ ಕೊಡಿ ಎನ್ನಬೇಕು, ಎನ್ನಲಿಲ್ಲ, ಮಗು ಅಳಲಿಲ್ಲ, ಮುಖ ನೋಡಿತು, ಕೈ ಚಾಚಿ ಅಂಗಿಯ ಮೇಲಿನ ಗುಂಡಿ ಹಿಡಿದುಕೊಂಡಿತು — ಕೋಟು ಕೊಳ್ಳಬೇಕು, ಉಣ್ಣೆಯ ಕಾಲುಚೀಲ, ವಿಜಯಾಗೆ ಫೋನ್ ಮಾಡಬೇಕು, ಇವರಿಗೆ ಸಾರು ಮಾಡುವುದಾದರೂ ಕಲಿಸಿ ಹೋಗಬೇಕು, ಬೇಳೆ ಬೇಯಲು ಎಷ್ಟು ಹೊತ್ತು ಎಂದೂ ಗೊತ್ತಿಲ್ಲ — ಆ ಮುಷ್ಟಿ, ಗುಂಡಿಯ ಸುತ್ತ — ಸೆತ್ಸುಕೊಗೆ ಬರುತ್ತೇನೆ ಎಂದು ತಿಳಿಸಬೇಕು, ಅಷ್ಟು ಸುಲಭವಾಗಿ ಬಿಟ್ಟುಕೊಟ್ಟರಲ್ಲ, ನಾನಿಲ್ಲದೆಯೂ ನಡೆಯುತ್ತದೆಯೇ, ನಡೆಯಲಿ, ನಡೆದರೆ ಒಳ್ಳೆಯದೇ — ಇವರು ಗುಂಡಿ ಬಿಡಿಸಿಕೊಳ್ಳಲು ನೋಡುತ್ತಿಲ್ಲ, ಉಸಿರು ಕೂಡ ಜೋರಾಗಿ ಬಿಡುತ್ತಿಲ್ಲ, ಬಿಳಿ ಗುಂಡಿ, ಅದರ ಮೇಲೆ ಆ ಮುಷ್ಟಿ, ಬೆರಳ ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ, ಆ ಮುಷ್ಟಿ.