ನಾಗಲಿಂಗಮ್ಮನ ಅಂಗಳದ ಹನುಮಪ್ಪ

ಕೂಡ್ಲಿಗಿಯಲ್ಲಿ ಬೇಸಿಗೆ ಬಂತೆಂದರೆ ಮಂಗಗಳಿಗೆ ಹಬ್ಬ, ನಾಗಲಿಂಗಮ್ಮನಿಗೆ ಯುದ್ಧ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದು ಶಾವಿಗೆ ಮಷಿನ್ನಿನ ಮನೆ. ಮುಂದಿನ ಕೋಣೆಯಲ್ಲಿ ಮಷಿನ್ನು, ಬಾಗಿಲ ಮುಂದೆ ಅಂಗೈಯಗಲದ ಅಂಗಳ, ಅಲ್ಲಿ ಅಡ್ಡಗೋಲುಗಳ ಮೇಲೆ ಒಣಗುವ ಶಾವಿಗೆ. ಓಣಿಯ ಹೆಂಗಸರು ಹಿಟ್ಟು ನಾದಿಕೊಂಡು ಬಂದರೆ ಒತ್ತಿ, ಒಣಗಿಸಿ, ಮುರಿಯದ ಹಾಗೆ ಸುತ್ತಿ ಕೊಡುವುದು ಅವಳ ಕೆಲಸ. ಅಂಗಳಕ್ಕೆ ಬೀಳುವ ಬಿಸಿಲೇ ಅವಳ ಬಂಡವಾಳ ಅಂದರೂ ತಪ್ಪಿಲ್ಲ. ಮಂಗಗಳಿಗೂ ಇದು ಗೊತ್ತಿತ್ತು. ಅವಳು ಒಳಗೆ ಮಷಿನ್ನಿಗೆ ಹಿಟ್ಟು ತುಂಬಲು ಬಗ್ಗಿದಳೋ ಇಲ್ಲವೋ, ಹೊರಗೆ ಕೋಲು ಬಿದ್ದ ಸದ್ದು.

ಆ ದಿನ ಬೆಳಿಗ್ಗೆ ಕಿವಿ ಹರಿದ ಗಡವ ಮಂಗವೊಂದು ಒಂದು ಇಡೀ ಕೋಲಿನ ಶಾವಿಗೆಯನ್ನೇ ಎಳೆದುಕೊಂಡು ಹೋಯಿತು. ನಾಗಲಿಂಗಮ್ಮ ಬಡಿಗೆ ಹಿಡಿದು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋದಳು. "ನಿನ್ನ ಹೆಣಾ ಎತ್ತಲಿ! ನನ್ನ ಹೊಟ್ಟಿ ಮ್ಯಾಲೆ ಹೊಡಿಯಾಕ ಹುಟ್ಟಿಯೇನಲೇ?" ಎಂದು ಕೂಗಿದ್ದು ಹೈವೇಯವರೆಗೆ ಕೇಳಿಸಿರಬೇಕು.

ಮಧ್ಯಾಹ್ನ ಅದೇ ಮಂಗ ಪಕ್ಕದ ಮಾಳಿಗೆಯಿಂದ ಹಾರಿ ಕರೆಂಟಿನ ತಂತಿ ಹಿಡಿಯಿತು. ಢಂ ಎಂದಿತು, ಕಿಡಿ ಹಾರಿತು, ಮಷಿನ್ನು ನಿಂತಿತು. ಮಂಗ ಬಂದು ಬಿದ್ದದ್ದು ಸರಿಯಾಗಿ ಶಾವಿಗೆಯ ಕೋಲುಗಳ ನಡುವೆ. ಅಲುಗಲಿಲ್ಲ.

ಈ ಊರಿನ ಜನರ ಒಂದು ಗುಣ ಹೇಳಲೇಬೇಕು. ಬದುಕಿರುವ ಮಂಗಕ್ಕೆ ಕಲ್ಲು ಬೀರುತ್ತಾರೆ, ಪಟಾಕಿ ಎಸೆಯುತ್ತಾರೆ, ಅದಕ್ಕೆ ಹೆದರಿ ಕಿಟಕಿಗೆಲ್ಲ ಜಾಲರಿ ಬಡಿಸಿಕೊಂಡು ತಾವೇ ಪಂಜರದೊಳಗೆ ಕೂತಿದ್ದಾರೆ. ಅದೇ ಮಂಗ ಸತ್ತಿತೋ, ಹನುಮಪ್ಪನಾಯಿತು. ಊದಿನಕಡ್ಡಿ ಬಂತು, ತೆಂಗಿನಕಾಯಿ ಬಂತು, ಭಜನೆ ಮಂಡಳಿಯೂ ಬಂತು. ಮಂಡಳಿಯ ಹಿರಿಯ ಪಂಚಾಕ್ಷರಪ್ಪ ಓಣಿಯಲ್ಲಿ ಯಾರೂ ಮೀರದ ಮಾತಿನ ಮನುಷ್ಯ. ಆತ ಮಂಗವನ್ನೂ ನೋಡಿದ, ಅಂಗಳವನ್ನೂ ನೋಡಿದ.

"ನಾಗಲಿಂಗಮ್ಮಾ, ಊರಾಗ ಇಷ್ಟು ಮನಿ ಅದಾವು. ಎಲ್ಲಾ ಬಿಟ್ಟು ನಿನ್ನ ಬಾಗಿಲಿಗೆ ಬಂದು ಪ್ರಾಣ ಬಿಟ್ಟಾನ ಅಂದ್ರ ಸುಮ್ನ ಅಲ್ಲ. ಇಲ್ಲೇ ಮಣ್ಣು ಮಾಡೋಣು. ಮ್ಯಾಲೆ ಸಣ್ಣದೊಂದು ಗುಡಿ ಕಟ್ಟೋಣು."

"ಇಲ್ಲೇ ಅಂದ್ರ ಹೆಂಗ್ರೀ? ಶಾವಿಗಿ ಎಲ್ಲಿ ಒಣಗಸಲಿ?"

ಹೂವು ಮಾರುವ ಕೆಂಚಕ್ಕ ಎದುರು ಮನೆಯವಳು. ಅವಳು ಬಾಯಿಗೆ ಸೆರಗು ಹಿಡಿದು ಅಂದಳು, "ಬೆಳಿಗ್ಗಿ ಹೆಣಾ ಎತ್ತಲಿ ಅಂದಾಕಿ ನೀನಾ ಅಲ್ಲೇನ? ನಿನ್ನ ನಾಲಿಗಿನಾ ತಟ್ಟೇತಿ. ಇನ್ನೂ ಶಾವಿಗಿ ಚಿಂತಿ ಮಾಡ್ತಿಯಲ್ಲವ್ವಾ!"

ಎಲ್ಲರೂ ಅವಳ ಕಡೆ ತಿರುಗಿದರು. ನಾಗಲಿಂಗಮ್ಮ ಗಂಡನ ಮುಖ ನೋಡಿದಳು. ಹಾಲೇಶಪ್ಪ ಮಂಡಳಿಯಲ್ಲಿ ತಾಳ ಹಾಕುವವನು. ಪಂಚಾಕ್ಷರಪ್ಪನ ಎದುರು ಅವನ ತಾಳ ಬಿಟ್ಟರೆ ಬೇರೇನೂ ಸದ್ದು ಮಾಡಿದ್ದಿಲ್ಲ. "ದೊಡ್ಡವ್ರು ಹೇಳ್ತಾರ, ಹೂಂ ಅನ್ನು," ಎಂದು ನೆಲ ನೋಡಿಕೊಂಡು ಹೇಳಿದ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಹೂಂ ಅನ್ನಲಿಲ್ಲ, ಒಲ್ಲೆ ಅನ್ನುವ ಧೈರ್ಯವೂ ಆಗಲಿಲ್ಲ.

ಶಾಮಿಯಾನದ ಅಂಗಡಿಯ ದುರುಗೇಶ್ ಪ್ಲಾಸ್ಟಿಕ್ ಕುರ್ಚಿ ತಂದು ಮಂಗವನ್ನು ಕೂರಿಸಿದ. ಜಾರದಂತೆ ಎದೆಗೆ ಕೇಸರಿ ಶಲ್ಯ ಸುತ್ತಿ ಕುರ್ಚಿಯ ಬೆನ್ನಿಗೆ ಬಿಗಿದ. ಹಣೆ ತುಂಬ ವಿಭೂತಿ, ಕೊರಳಿಗೆ ಕೆಂಚಕ್ಕನ ಸೇವಂತಿಗೆ ಮಾಲೆ. ಕೋಲುಗಳನ್ನು ಕಿತ್ತು ಮೂಲೆಗೆ ಒಟ್ಟಿದರು. ಬಾಗಿಲ ಮೆಟ್ಟಿಲಿಗೆ ತಾಗಿಯೇ ಗುಂಡಿ ತೋಡಿದರು. ಒಂದು ಕಡೆ ಗುಂಡಿ, ಒಂದು ಕಡೆ ಮಣ್ಣಿನ ಗುಡ್ಡೆ, ಅದರಾಚೆ ಚಾಪೆ ಹಾಸಿ ಕೂತ ಭಜನೆಯವರು. ನಾಗಲಿಂಗಮ್ಮ ತನ್ನ ಮನೆಯ ಹೊಸ್ತಿಲ ಮೇಲೆ ಸೆರೆಯಾಗಿ ಕೂತಳು. ಎದುರಿಗೆ, ಗುಂಡಿಯ ಅಂಚಿನ ಕುರ್ಚಿಯಲ್ಲಿ, ಕೈಗೆಟುಕುವಷ್ಟು ಹತ್ತಿರ, ಅವಳ ವೈರಿ.

ಮುಖ ನೋಡುವುದು ಬೇಡವೆಂದರೂ ಕಣ್ಣು ಅತ್ತಲೇ ಹೋಗುತ್ತಿತ್ತು. ತಂತಿ ಹಿಡಿದ ಕೈಯ ಅಂಗೈ ಸುಟ್ಟು ಕಪ್ಪಾಗಿತ್ತು. ಗಡ್ಡಕ್ಕೆ ಶಾವಿಗೆಯ ಎಳೆಯೊಂದು ಇನ್ನೂ ಅಂಟಿತ್ತು. ತುಟಿಯ ಮೇಲೆ ನೊಣ ಕೂತಿತು. ತುಟಿ ಮಿಸುಕಿತು, ನೊಣ ಎದ್ದಿತು. ನಾಗಲಿಂಗಮ್ಮ ಉಸಿರು ಹಿಡಿದು ನೋಡಿದಳು. ಶಲ್ಯದ ಕೆಳಗೆ ಹೊಟ್ಟೆ ಸಣ್ಣಗೆ ಉಬ್ಬಿತು, ಇಳಿಯಿತು.

"ಜೀವ ಐತ್ರೀ! ನೋಡ್ರಿ ಇಲ್ಲೆ, ಹೊಟ್ಟಿ ಅಲಗ್ತೈತಿ!"

ಭಜನೆ ನಿಂತಿತು. ಯಾರೋ ಕಿಸಕ್ಕೆಂದು ನಕ್ಕರು. "ನಾನಾ ಮೂಗಿನ ಹತ್ರ ಕೈ ಹಿಡಿದು ನೋಡೀನಿ ಅಕ್ಕಾ," ಎಂದ ದುರುಗೇಶ್. ಎಲ್ಲಿ ಕಚ್ಚೀತೋ ಎಂದು ಮಾರು ದೂರದಿಂದ ಕೈ ಚಾಚಿದ್ದನ್ನು ಅವಳು ನೋಡಿದ್ದಳು.

ಪಂಚಾಕ್ಷರಪ್ಪ ಬೇಸರದಿಂದ ತಲೆಯಾಡಿಸಿದ. "ಜಾಗ ಕೊಡಾಕ ಮನಸಿಲ್ಲಂದ್ರ ನೇರ ಹೇಳವ್ವಾ. ದೇವರ ಮ್ಯಾಲೆ ಸುಳ್ಳು ಹೇಳಬ್ಯಾಡ."

ಜೀವ ಇದೆ ಎಂದು ಬೇರೆ ಯಾರು ಹೇಳಿದ್ದರೂ ಎದ್ದು ಬಂದು ನೋಡುತ್ತಿದ್ದರು. ಅವಳು ಹೇಳಿದರೆ ಅದು ಅಂಗಳ ಉಳಿಸಿಕೊಳ್ಳುವ ಉಪಾಯ. ನಿಜವನ್ನು ಜೋರಾಗಿ ಹೇಳಿದಷ್ಟೂ ಅದು ಸುಳ್ಳಾಗುತ್ತಿತ್ತು. ಹಾಳಾಗಿ ಹೋಗಲಿ, ನಂದೇನು ಹೋಗೋದು, ಬೆಳಿಗ್ಗೆ ನಾನೇ ಬೇಡಿದ್ದಲ್ಲವೇ ಅಂದುಕೊಂಡಳು. ಆದರೆ ಗುಂಡಿಯೊಳಗೆ ಕೂರಿಸಿ ಮಣ್ಣು ತಳ್ಳುವಾಗ ಆ ಮುಖ ಕಣ್ಣು ಬಿಟ್ಟರೆ? ಆಮೇಲೆ ದಿನಾ ಅದರ ಮೇಲೇ ಕಾಲಿಟ್ಟು ಓಡಾಡಬೇಕು.

ಎದ್ದು ಒಳಗೆ ಹೋಗಿ ತಂಬಿಗೆಯಲ್ಲಿ ತಣ್ಣೀರು ತುಂಬಿಕೊಂಡು ಬಂದಳು. "ತಪ್ಪಾತ್ರೀ. ಅಂಗಳಾ ಕೊಟ್ಟೆ. ಗುಡಿ ಕಟ್ರಿ. ಆದ್ರ ನಮ್ಮ ಮನಿ ಮುಂದ ಮಣ್ಣಾಗಾವ, ನಮ್ಮ ಮನಿ ನೀರು ಕುಡಿದು ಹೋಗ್ಲಿ."

ಹೆಂಗಸರ ಕಣ್ಣು ತುಂಬಿದವು. ಪಂಚಾಕ್ಷರಪ್ಪ, "ಎಲ್ಲಾರೂ ಕೇಳಿದ್ರಲ್ಲ, ಕೊಟ್ಟಾಳ," ಎಂದು ಸಾಕ್ಷಿ ಮಾಡಿಕೊಂಡೇ, ನೀರು ಹಾಕೆಂದು ಕೈ ಬೀಸಿದ.

ಗುಂಡಿಯ ಅಂಚಿನಲ್ಲಿ ನಿಂತು ಒಂದು ಕೈಯಲ್ಲಿ ಶಲ್ಯದ ಗಂಟು ಸಡಿಲಿಸಿದಳು. ಇನ್ನೊಂದು ಕೈಯಿಂದ ಇಡೀ ತಂಬಿಗೆಯನ್ನು ಮುಖಕ್ಕೆ ರಾಚಿದಳು. ಮಂಗ ಸೀನಿತು. ಕಣ್ಣು ಬಿಟ್ಟಿತು. ಮುಂದಿನದು ಯಾರಿಗೂ ಸರಿಯಾಗಿ ನೆನಪಿಲ್ಲ. ಕುರ್ಚಿ ಗುಂಡಿಗೆ ಬಿತ್ತು, ದುರುಗೇಶ್ ಕುರ್ಚಿಯ ಮೇಲೆ ಬಿದ್ದ, ಕೊರಳಲ್ಲಿ ಮಾಲೆ ಹಾಕಿಕೊಂಡೇ ಮಂಗ ಮೂರು ಕಾಲಿನಲ್ಲಿ ಮಾಳಿಗೆ ಹತ್ತಿ ಹೋಯಿತು. ನಾಗಲಿಂಗಮ್ಮ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕಳು.

"ನೋಡಿದ್ರಿಲ್ಲ? ಗುಂಡಿ ಮುಚ್ಚಸ್ರಿ ಇನ್ನ," ಎಂದಳು.

ಪಂಚಾಕ್ಷರಪ್ಪನ ಕೈ ಎದೆಯ ಮೇಲಿತ್ತು, ಕಣ್ಣಲ್ಲಿ ನೀರಿತ್ತು. "ಮುಚ್ಚೋದೇನು? ಸತ್ತಿದ್ರ ಸಣ್ಣ ಗುಡಿ ಕಟ್ಟಿ ಸುಮ್ನಾಗ್ತಿದ್ವಿ. ಸತ್ತಾವ ಎದ್ದು ಹೋಗ್ಯಾನ ತಾಯಿ! ಇಲ್ಲೆ ದೊಡ್ಡ ಗುಡಿನಾ ಆಗ್ಬೇಕು."

"ಸತ್ತಿದ್ದಿಲ್ರೀ ಅದು!"

ಯಾರೂ ಕೇಳಲಿಲ್ಲ. ಕೆಂಚಕ್ಕ ಬಂದು ಅವಳ ಪಾದ ಮುಟ್ಟಿದಳು.

ಗುಡಿ ಎದ್ದಿತು. ಅದರ ಗೋಡೆಗೂ ಬಾಗಿಲಿಗೂ ನಡುವೆ ನಾಗಲಿಂಗಮ್ಮ ಈಗ ಅಡ್ಡಡ್ಡ ನುಸುಳಬೇಕು. ಬಿಸಿಲು ಗುಡಿಯ ಮೇಲೆ ಬೀಳುತ್ತದೆ. ಶಾವಿಗೆ ಮಾಳಿಗೆಗೆ ಹೋಯಿತು, ಅಲ್ಲಿ ಅದನ್ನು ಕಾಯುವವರಿಲ್ಲ. ಬಡಿಗೆ ಎತ್ತಿದರೆ ಭಕ್ತರು ನೊಂದುಕೊಳ್ಳುತ್ತಾರೆ. ಕಿವಿ ಹರಿದ ಗಡವ ಆಗಾಗ ಕುಂಟುತ್ತ ಬಂದು ಗುಡಿಯ ನೆತ್ತಿಯ ಮೇಲೆ ಕೂತು ತೆಂಗಿನಕಾಯಿ ತಿನ್ನುತ್ತದೆ.

ಒಂದು ಶನಿವಾರ ಹಳ್ಳಿಯ ಕಡೆಯ ತಾಯಿಯೊಬ್ಬಳು ಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ಮೈ ಕೆಂಡವಾಗಿತ್ತು, ಕಣ್ಣು ಮೇಲಾಗಿದ್ದವು. "ಒಂದು ತಂಬಿಗಿ ನೀರು ಹಾಕವ್ವಾ. ನೀ ಹಾಕಿದ್ರ ಏಳ್ತಾರಂತ."

"ಅಯ್ಯೋ, ನನ್ನ ಕೈಯಾಗ ಏನೂ ಇಲ್ಲವ್ವಾ. ಆ ಮಂಗ್ಯಾ ಸತ್ತಿದ್ದಿಲ್ಲ. ಕೂಸಿನ್ನ ದವಾಖಾನಿಗೆ ಒಯ್ಯಿ, ಓಡು!"

"ನನ್ನ ಮ್ಯಾಲೆ ಸಿಟ್ಟೇನು ತಾಯಿ? ಬಡವರು ಅಂತನಾ?" ಅವಳು ಅಳುತ್ತ ಹೊಸ್ತಿಲಲ್ಲೇ ಕೂತುಬಿಟ್ಟಳು. ಎದ್ದು ಹೋಗುವ ಲಕ್ಷಣವಿರಲಿಲ್ಲ. ಕೂಸಿನ ಕೈ ಅದುರುತ್ತಿತ್ತು.

ನಾಗಲಿಂಗಮ್ಮ ಗುಡಿ ನೋಡಿದಳು, ಸಾಲಾಗಿ ನಿಂತ ಜನರನ್ನು ನೋಡಿದಳು. ನಿಜ ಹೇಳಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಒಳಗಿನಿಂದ ತಂಬಿಗೆ ತಂದಳು. ಕೂಸಿನ ಹಣೆಗೆ ನೀರು ಚಿಮುಕಿಸಿ, ಎಂದೂ ಆಡದ ದನಿಯಲ್ಲಿ ಹೇಳಿದಳು. "ಹನುಮಪ್ಪನ ಅಪ್ಪಣಿ ಆಗೇತಿ. ಸೂಜಿ ಮಾಡಸಿದ ಮ್ಯಾಲೆನಾ ಈ ನೀರು ಹತ್ತತೈತಿ. ನಿಂದ್ರಬ್ಯಾಡ, ದವಾಖಾನಿಗೆ ನಡಿ."

ತಾಯಿ ಓಡಿದಳು. ಸಂಜೆಗೆ ಕೂಸು ಕಣ್ಣು ಬಿಟ್ಟಿತೆಂದು ಸುದ್ದಿ ಬಂತು. ಆ ಸುದ್ದಿ ಕೇಳಿ ನಾಗಲಿಂಗಮ್ಮ ಒಬ್ಬಳೇ ಮಷಿನ್ನಿನ ಹತ್ತಿರ ಕೂತು ಅತ್ತಳು, ಸಂತೋಷಕ್ಕೆ ಅರ್ಧ, ಭಯಕ್ಕೆ ಅರ್ಧ.

ಮರುದಿನ ಬಾಗಿಲು ತೆಗೆದಾಗ ಗುಡಿಯ ಕಡೆ ಬೆನ್ನು ಹಾಕಿ, ಅವಳ ಮನೆಯ ಕಡೆ ಮುಖ ಮಾಡಿ ಜನ ಕೂತಿದ್ದರು.